ನನ್ನ ಗಂಡ ಹೇಳಿದ ಒಂದೇ ಸುಳ್ಳು

ನನ್ನ ಗಂಡ ಪಾಲಾಕ್ಷಪ್ಪ ದೇವರ ಹತ್ತಿರ ಏನೇನು ಬೇಡಿಕೊಳ್ಳುತ್ತಾರೆ ಅನ್ನುವುದು ನನಗೆ ಒಂದಕ್ಷರ ಬಿಡದೆ ಗೊತ್ತು. ಕದ್ದು ಕೇಳಿದ್ದಲ್ಲ. ನಮ್ಮೂರಿನಲ್ಲಿ ಗಂಡ ಬೇಡಿಕೊಂಡದ್ದು ಹೆಂಡತಿಯ ಕಿವಿಗೆ, ಹೆಂಡತಿ ಬೇಡಿಕೊಂಡದ್ದು ಗಂಡನ ಕಿವಿಗೆ ಬಂದು ಬೀಳುತ್ತದೆ. ಒಬ್ಬರು ಗುಡ್ಡದ ಮೇಲಿರಲಿ, ಇನ್ನೊಬ್ಬರು ಹೊಳೆಯಲ್ಲಿ ಬಟ್ಟೆ ಒಗೆಯುತ್ತಿರಲಿ, ತುಟಿ ಅಲುಗಿಸದೆ ಮನಸ್ಸಿನಲ್ಲೇ ಅಂದುಕೊಂಡರೂ ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಕೇಳಿಸುತ್ತದೆ. ತಾಳಿ ಕಟ್ಟಿದ ಗಳಿಗೆಗೆ ಶುರು, ಒಬ್ಬರು ಕಣ್ಣು ಮುಚ್ಚಿದ ದಿನ ಬಂದ್. ಬೇರೆ ಊರಿನವರಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟು ನೋಡುತ್ತಾರೆ. ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ತಿಳಿಯದೆ ಅವರೆಲ್ಲ ಹೇಗೆ ಸಂಸಾರ ಮಾಡುತ್ತಾರೋ ಅಂತ ನಾವೂ ಹಾಗೇ ನೋಡುತ್ತೇವೆ.

ಬೆಳಿಗ್ಗೆ ನಮ್ಮೂರ ಚಾದಂಗಡಿಗೆ ಬಂದರೆ ತಮಾಷೆ ನೋಡಬಹುದು. ಗಂಡಸರು ಲೋಟ ಬಾಯಿಗೆ ಹಿಡಿದವರು ಹಿಡಿದ ಹಾಗೇ ನಿಂತಿರುತ್ತಾರೆ. ಮನೆಯಲ್ಲಿ ಹೆಂಡತಿ ದೀಪ ಹಚ್ಚಿದ್ದಾಳೆ ಅಂತ ಅರ್ಥ. ಕ್ಷೌರದವನು ಕೆನ್ನೆಯ ಮೇಲೆ ಕತ್ತಿ ಇಟ್ಟು ನಿಂತುಬಿಟ್ಟರೆ, ಕೂತವನು ನೊರೆ ಮುಖದಲ್ಲೇ "ಮುಗೀತೇನಪ್ಪಾ ನಿನ್ನ ಮನೆಯವರದು?" ಅಂತ ಕೇಳುತ್ತಾನೆ. ಹೊಸದಾಗಿ ಮದುವೆಯಾದ ಹುಡುಗಿಯರು "ದೇವರೇ, ನನ್ನ ಗಂಡನಿಗೆ ಬರುವಾಗ ಮಲ್ಲಿಗೆ ತರುವಷ್ಟು ಬುದ್ಧಿ ಕೊಡಪ್ಪಾ" ಅಂತ ಬೇಡಿಕೊಳ್ಳುತ್ತಾರೆ. ಅವನು ಮಲ್ಲಿಗೆ ತರುತ್ತಾನೆ. ದೇವರು ದೊಡ್ಡವನು ಅಂತ ಎಲ್ಲರೂ ಕೈ ಮುಗಿಯುತ್ತಾರೆ. ಆದರೆ ಸುಮ್ಮನೆ "ಈರುಳ್ಳಿ ಖಾಲಿಯಾಗಿದೆ" ಅಂದುಕೊಂಡರೆ ಹೋಗುವುದಿಲ್ಲ. ನಂಬಿ ಕೇಳಬೇಕು. ನಂಬದವರ ಮಾತು ತಲೆಬುರುಡೆ ದಾಟುವುದಿಲ್ಲ.

ನನ್ನದು ದಾಟಿದ್ದಿಲ್ಲ. ನಮ್ಮಪ್ಪ ಬಾವಿ ತೋಡುವವನು. ಅರವತ್ತು ವರ್ಷ ಕಲ್ಲು ಒಡೆದವನು. ಊರಿನವರು ಗುಡ್ಡದ ಮೇಲಿನ ಹಾಸುಗಲ್ಲಪ್ಪನಿಗೆ ಅಡ್ಡ ಬೀಳುವುದನ್ನು ನೋಡಿದಾಗೆಲ್ಲ ಅವನು ಬೀಡಿ ಹಚ್ಚಿ, "ನಾನು ಸಾವಿರ ಕಲ್ಲು ಒಡೆದು ಒಳಗೆ ನೋಡಿದ್ದೀನಿ ಮಗಾ, ಯಾರೂ ಇರಲಿಲ್ಲ" ಅನ್ನುತ್ತಿದ್ದ. ನಾಲ್ಕನೇ ಇಯತ್ತೆಯ ಪುಸ್ತಕಕ್ಕಿಂತ ಈ ಮಾತು ನನಗೆ ಚೆನ್ನಾಗಿ ತಲೆಗೆ ಹತ್ತಿತು. ಹುಡುಗಿ ನೋಡಲು ಬಂದ ದಿನವೇ ನಾನು ಪಾಲಾಕ್ಷಪ್ಪನವರ ಮುಖದ ಮೇಲೆ ಹೇಳಿದ್ದೆ, "ನಾನು ಕಲ್ಲಿಗೆ ಕೈ ಮುಗಿಯೋಳಲ್ಲ" ಅಂತ. ಅವರು ದರ್ಜಿ. ಎಳೆ ಗಡ್ಡದ ಹುಡುಗ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡೇ ಹೆಣ್ಣು ನೋಡಲು ಬಂದಿದ್ದರು. "ಆಗಲಿ, ನಿನ್ನ ಪಾಲಿಂದೂ ನಾನೇ ಮುಗೀತೀನಿ. ಹೆಂಗೂ ಎರಡು ಕೈ ಜೋಡಿಸೋದೇ" ಅಂದರು. ಆ ಮಾತಿಗೆ ನಾನು ಬಿದ್ದೆ.

ಬಿದ್ದಮೇಲೆ ಗೊತ್ತಾಯಿತು. ಈ ಮನುಷ್ಯ ಬೆಳಿಗ್ಗೆ ತಣ್ಣೀರು ಮಿಂದು, ಅರವತ್ತು ಮೆಟ್ಟಿಲು ಹತ್ತಿ ಗುಡ್ಡದ ಮೇಲೆ ಬೇಡಿಕೊಳ್ಳುವುದಲ್ಲದೆ, ಹಗಲೆಲ್ಲ ಮಿಷನ್ ತುಳಿಯುತ್ತಾ ಬೇಡಿಕೊಳ್ಳುತ್ತಾರೆ. ಕತ್ತರಿ ಕಾಣದಿದ್ದರೆ "ಅಪ್ಪಾ ಹಾಸುಗಲ್ಲಪ್ಪಾ, ಕತ್ತರಿ ಎಲ್ಲಿ". ನೂಲು ಹರಿದರೆ "ಅಪ್ಪಾ". ನಾನು ಹಿಟ್ಟಿನ ಗಿರಣಿ ನಡೆಸುವವಳು. ಆ ಗಡಗಡ ಸದ್ದಿನ ಒಳಗೂ ಇವರ "ಅಪ್ಪಾ" ಬಂದು ಕಿವಿಗೆ ಚುಚ್ಚುತ್ತದೆ. ಕತ್ತರಿ ದಿಂಬಿನ ಕೆಳಗಿದೆ ಅಂತ ನನಗೆ ಗೊತ್ತಿರುತ್ತದೆ. ರಾಗಿ ತಂದವರನ್ನು ನಿಲ್ಲಿಸಿ ಮನೆಗೆ ಓಡಿ ಕತ್ತರಿ ಎತ್ತಿ ಮಿಷನ್ ಮೇಲೆ ಇಟ್ಟು ಬರುತ್ತೇನೆ. ಇವರು ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಕತ್ತರಿ ಪ್ರತ್ಯಕ್ಷ. ಮತ್ತೆ ಕಿವಿಯಲ್ಲಿ, "ನಿನ್ನ ಕರುಣೆ ದೊಡ್ಡದಪ್ಪಾ!"

ಊರಿನವರು ನನಗೆ ಬುದ್ಧಿ ಹೇಳುತ್ತಿದ್ದರು. "ಗಂಗಮಾಳಮ್ಮಾ, ಬೇಡ್ಕೊಂಡಿದ್ದು ಕಿವಿಗೆ ಬರುತ್ತಲ್ಲ, ದೇವ್ರಿದ್ದಾನೆ ಅನ್ನೋಕೆ ಇನ್ನೇನು ಸಾಕ್ಷಿ ಬೇಕು ನಿಂಗೆ?"

"ಅವನಿಗೆ ಹಾಕಿದ ಕಾಗದ ದಿನಾ ನನ್ನ ಮನೆಗೆ ಬರ್ತಿದೆ ಅಂದ್ರೆ, ಆ ವಿಳಾಸದಲ್ಲಿ ಯಾರೂ ಇಲ್ಲ ಅಂತಲೇ ಅರ್ಥ" ಅನ್ನುತ್ತಿದ್ದೆ. ಅವರು ಬೀಸಿಸಿಕೊಂಡ ಹಿಟ್ಟು ಹೊತ್ತು ಹೋಗುತ್ತಿದ್ದರು.

ಜಗಳವಾಡಿಲ್ಲವೇ? ಆಡಿದ್ದೇವೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ "ನನ್ನ ಹೆಂಡ್ತಿ ಮಾಳಿಗೆ ಒಳ್ಳೆ ಬುದ್ಧಿ ಕೊಡಪ್ಪಾ" ಅಂತ ಕಿವಿಗೆ ಬಿತ್ತು. ಗಿರಣಿಯಿಂದ ಹೊರಟವಳು ತಲೆಗೂದಲೆಲ್ಲ ಹಿಟ್ಟು ಮೆತ್ತಿಕೊಂಡೇ ಅರವತ್ತು ಮೆಟ್ಟಿಲು ಹತ್ತಿ, ಅಷ್ಟು ಜನರ ನಡುವೆ ಕಣ್ಣು ಮುಚ್ಚಿ ಕೂತಿದ್ದವರ ಭುಜ ಅಲುಗಿಸಿ, "ಒಳ್ಳೆ ಬುದ್ಧಿ ಅಂದ್ರೆ ಯಾರದ್ರೀ? ನಿಮ್ಮ ತಂಗೀದಾ?" ಅಂತ ಕೇಳಿದೆ. ಬಿಳೀ ಕೂದಲು, ಕೆಂಪು ಕಣ್ಣು ನೋಡಿ ಇಬ್ಬರು ಮುದುಕರು ದೇವಿಯೇ ಬಂದಳು ಅಂತ ನನ್ನ ಕಾಲಿಗೆ ಬಿದ್ದರು. ಅವರಿಗೂ ಬೈದೆ.

ಆಮೇಲೆ ನಾವೇ ಒಂದೊಂದು ಕಟ್ಟುಪಾಡು ಮಾಡಿಕೊಂಡೆವು. ನನ್ನನ್ನು ತಿದ್ದು ಅಂತ ಅವರು ಬೇಡಿಕೊಳ್ಳಬಾರದು. ಬಟ್ಟೆ ಹೊಲಿಸಲು ಬಂದವರ ಮುಂದೆ ನಾನು ಕಲ್ಲನ್ನು ಕಲ್ಲು ಅನ್ನಬಾರದು. ಸೋಮವಾರ ಅವರ ಸಾರಿಗೆ ಈರುಳ್ಳಿ ಇಲ್ಲ, ನನ್ನದಕ್ಕೆ ಉಂಟು. ವಯಸ್ಸಾಗುತ್ತಾ ಅವರ ಮಂಡಿ ಹಿಡಿದುಕೊಂಡಿತು. ಮಿಷನ್ ತುಳಿದದ್ದು ಅರ್ಧ, ಕಲ್ಲಿನ ಮುಂದೆ ಕೂತು ಎದ್ದದ್ದು ಅರ್ಧ. ಆಗಿನಿಂದ ನಾನೇ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ, ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕ ಕೂತು, ಮುಗಿದಮೇಲೆ ಇಳಿಸಿಕೊಂಡು ಬರುತ್ತೇನೆ. ಇಬ್ಬರಿಗೂ ಇದು ಒಗ್ಗಿತ್ತು. ಒಗ್ಗದೆ ಇದ್ದದ್ದು ನನ್ನ ನಾದಿನಿ ಕರಿಬಸಮ್ಮನಿಗೆ.

"ಪಾಪ, ನಮ್ಮಣ್ಣನ ಕಿವಿ ಪಾಳು ಬಾವಿ ಆಗೋಯ್ತು. ಇಷ್ಟು ವರ್ಷದಲ್ಲಿ ಹೆಂಡ್ತಿದು ಒಂದು ಮಾತು ಬಿದ್ದಿಲ್ಲ" ಅಂತ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು.

"ಬಾಯಲ್ಲಿ ನಾನು ಹೇಳೋದೇ ಅವರಿಗೆ ಸಾಕಾಗಿದೆ, ಕಿವಿಯೊಳಗೆ ಬೇರೆ ಯಾಕೆ?" ಅನ್ನುತ್ತಿದ್ದೆ ನಾನು.

ಆದರೆ ಕರಿಬಸಮ್ಮ ದಿನ ಎಣಿಸುತ್ತಿದ್ದಳು. ನಮ್ಮೂರಲ್ಲಿ ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಕಿವಿಸಾಕ್ಷಿ ಅಂತ ಒಂದು ಕಟ್ಟಳೆ ಇದೆ. ಗುಡ್ಡದ ಮೇಲೆ ಹೆಂಡತಿಯನ್ನು ಉಗ್ರಾಣದ ಕೋಣೆಯೊಳಗೆ ಕೂರಿಸುತ್ತಾರೆ. ಅವಳು ಮನಸ್ಸಿನಲ್ಲಿ ಏನಾದರೂ ಬೇಡಿಕೊಂಡು, ಪಕ್ಕದಲ್ಲಿ ಕೂತ ಸಾಕ್ಷಿ ಮುದುಕಿಗೆ ಅದನ್ನು ಹೇಳಬೇಕು. ಮುದುಕಿ ಹೊರಗೆ ಬಂದು ಊರ ಯಜಮಾನನ ಕಿವಿಯಲ್ಲಿ ಉಸುರುತ್ತಾಳೆ. ಆಮೇಲೆ ಹೊರಗೆ ನಿಂತ ಗಂಡ ತನಗೇನು ಕೇಳಿಸಿತು ಅಂತ ಎಲ್ಲರ ಮುಂದೆ ಹೇಳಬೇಕು. ತಾಳೆಯಾದರೆ ಸರಿ. ಆಗದಿದ್ದರೆ ಆ ಮದುವೆ ಮುಗಿಯಿತು. ಹೊತ್ತು ಮುಳುಗುವುದರೊಳಗೆ ಹೆಂಡತಿ ಊರಾಚೆಯ ಒಂಟಿಕೇರಿಗೆ ಹೋಗಬೇಕು. ಮತ್ತೆ ಇಬ್ಬರೂ ಮಾತಾಡುವ ಹಾಗಿಲ್ಲ, ಎದುರಾದರೆ ಮುಖ ತಿರುಗಿಸಬೇಕು.

ಇದಕ್ಕೆ ಜನ ಉಪಾಯ ಕಂಡುಕೊಂಡಿದ್ದರು. ಹಿಂದಿನ ದಿನವೇ "ಮಳೆ ಬರಲಿ ಅಂತ ಬೇಡ್ಕೊಳ್ತೀನಿ, ಮಳೆ ಅನ್ನಿ" ಅಂತ ಮಾತಾಡಿಕೊಂಡು ಹೋಗುವುದು. ನಂಬುವವರೂ ಹಾಗೇ ಮಾಡುತ್ತಿದ್ದರು, ಯಾಕೆ ಬೇಕು ರಗಳೆ ಅಂತ. ಎದುರು ಮನೆಯ ಬುಟ್ಟಿ ಹೆಣೆಯುವ ಹನುಮಕ್ಕನೂ ಅವಳ ಗಂಡನೂ ಮಳೆ ಅಂತಲೇ ಗೊತ್ತು ಮಾಡಿಕೊಂಡು ಹೋಗಿದ್ದರು. ಅಷ್ಟು ಜನರನ್ನು ನೋಡಿ ಅವನಿಗೆ ಗಾಬರಿಯಾಗಿ "ಮಗ" ಅಂದುಬಿಟ್ಟ. ಮುಗಿಯಿತು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ಈಗ ಸಂತೆಯಲ್ಲಿ ಎದುರಾದರೆ ಇವನು ಗೋಡೆ ನೋಡುತ್ತಾನೆ, ಅವಳು ನೆಲ ನೋಡುತ್ತಾಳೆ.

ನಮ್ಮ ದಿನ ಹತ್ತಿರ ಬಂದಾಗ ನಾನು ಅವರಿಗೆ ಮಂಡಿಗೆ ಎಣ್ಣೆ ತಿಕ್ಕುತ್ತಾ ಹೇಳಿದೆ, "ನಾನು ಮಳೆ ಅಂತೀನಿ. ನೀವೂ ಮಳೆ ಅನ್ನಿ. ಮಗ ಗಿಗ ಅಂದ್ರೆ ಹಲ್ಲು ಉದುರಿಸ್ತೀನಿ."

ಅವರು ಮಂಡಿ ಹಿಂದಕ್ಕೆ ಎಳೆದುಕೊಂಡರು. ಆಮೇಲೆ, "ಕೇಳಿಸದೆ ಇದ್ದದ್ದನ್ನ ಕೇಳಿಸ್ತು ಅಂತ ಅವನ ಮುಂದೆ ನಿಂತು ಹೆಂಗೆ ಹೇಳ್ಲೇ ಮಾಳಿ?" ಅಂದರು.

"ಊರೆಲ್ಲ ಹೇಳುತ್ತೆ."

"ಊರು ಹೇಳಲಿ. ನಾನು ಹುಟ್ಟಿದಾರಭ್ಯ ಅವನ ಹತ್ರ ಸುಳ್ಳಾಡಿದವನಲ್ಲ. ನೀನೇ ಒಂದು ಸಲ, ಒಂದೇ ಒಂದು ಸಲ, ನಿಜವಾಗ್ಲೂ ಬೇಡ್ಕೋಬಾರದಾ?"

"ಇಲ್ಲದವನ ಹತ್ರ ನಾನು ಬೇಡೋದೂ ಸುಳ್ಳೇ ಅಲ್ವೇನ್ರೀ? ನಿಮ್ಮ ಸುಳ್ಳು ಮಾತ್ರ ಭಾರ, ನನ್ನ ಸುಳ್ಳು ಹತ್ತಿ ಮೂಟೆನಾ?"

"ಹಂಗಲ್ಲ…"

"ಹಂಗೇ. ಒಂಟಿಕೇರೀಲಿ ನಾನೊಂದು ಗುಡಿಸಲು ನೋಡ್ಕೊಳ್ತೀನಿ ಬಿಡಿ. ನಿಮ್ಮ ಮಂಡಿಗೆ ಆ ಕಲ್ಲೇ ಬಂದು ಎಣ್ಣೆ ತಿಕ್ಕಲಿ!" ಅಂತ ಬಟ್ಟಲು ಎಸೆದೆ. ಎಣ್ಣೆಯೆಲ್ಲ ಯಾರದೋ ಹೊಸ ರವಿಕೆಯ ಬಟ್ಟೆಗೆ ಚೆಲ್ಲಿತು. ಅದರ ಮೇಲೆ ಇನ್ನೊಂದು ಜಗಳ. ಆದರೆ ಅದೆಲ್ಲ ಮೇಲಿನ ಸಿಟ್ಟು. ಒಳಗಿದ್ದದ್ದು ಹೆದರಿಕೆ. ಈ ಮನುಷ್ಯ ಸುಳ್ಳು ಹೇಳುವುದಿಲ್ಲ. ನನ್ನಿಂದ ಬೇಡಲು ಆಗುವುದಿಲ್ಲ. ಎರಡೂ ಒಂದೇ ಮನೆಯೊಳಗೆ ಇಪ್ಪತ್ತೈದು ವರ್ಷ ಇದ್ದದ್ದು ಹೇಗೆ ಅಂತ ನನಗೇ ಸೋಜಿಗವಾಯಿತು.

ಆ ಬೆಳಿಗ್ಗೆ ಗುಡ್ಡದ ಮೇಲೆ ಊರಿಗೆ ಊರೇ ಸೇರಿತ್ತು. ನಮ್ಮದು ತಾಳೆಯಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ, ಅದಕ್ಕೇ. ಕೆಲವರು ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದರು. ಕರಿಬಸಮ್ಮ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಯಜಮಾನ ಬೊಮ್ಮಲಿಂಗಪ್ಪ ಉಗ್ರಾಣದ ಬಾಗಿಲು ತೆರೆದ. ನಾನೂ ಸಾಕ್ಷಿಯ ಈರಜ್ಜಿಯೂ ಒಳಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತೆವು.

ಈರಜ್ಜಿ ಮೂಗಿಗೆ ನಶ್ಯ ಏರಿಸಿ, "ಬೇಗ ಬೇಡ್ಕೋ ತಾಯಿ, ನನ್ನ ಸೊಂಟ ಹೋಗ್ತಿದೆ" ಅಂದಳು.

ನಾನು ಪ್ರಯತ್ನವನ್ನೇ ಮಾಡಲಿಲ್ಲ ಅಂದರೆ ತಪ್ಪಾಗುತ್ತದೆ. ಮಾಡಿದೆ. ಕಣ್ಣು ಮುಚ್ಚಿದೆ. ಕೈ ಜೋಡಿಸಿದೆ. ಸೀನು ಬರಿಸಿಕೊಳ್ಳಲು ಒದ್ದಾಡುವವರ ಹಾಗೆ ಮುಖ ಕಿವುಚಿಕೊಂಡು ಕೂತೆ. ಅಪ್ಪಾ ಅಂತ ಅನ್ನಲು ಹೋದರೆ ನಮ್ಮಪ್ಪ ಬೀಡಿ ಹಿಡಿದು ನಗುತ್ತಾ ಎದುರಿಗೆ ಬಂದ. ಬೇಡಿಕೆ ಅನ್ನುವುದು ಬರಲೇ ಇಲ್ಲ. ಬಂದದ್ದು ಸಿಟ್ಟು. ಅಂಗಾಲಿನಿಂದ ನೆತ್ತಿಗೆ ಏರಿತು.

"ಆಯ್ತಾ?" ಅಂದಳು ಈರಜ್ಜಿ.

"ಆಯ್ತು. ಬೇಡ್ಕೊಳ್ಳಲಿಲ್ಲ, ಬೈದೆ."

"ಏನಂತ?"

"ಎಲೋ ಬೋಳುಗಲ್ಲೇ, ಆ ಮನುಷ್ಯ ಇಷ್ಟು ವರ್ಷದಿಂದ ನಿನ್ನ ಮುಂದೆ ಕೂತು ಎದ್ದು ಮಂಡಿ ಸವೆಸ್ಕೊಂಡರಲ್ಲೋ, ಒಂದು ದಿನ ಆದ್ರೂ ಆ ಮಂಡಿ ಕಡೆ ನೋಡಿದ್ಯೇನೋ, ನಿನಗೆ ನಾಚಿಕೆ ಆಗಲ್ವೇನೋ ಅಂತ ಕೇಳ್ದೆ. ಹೋಗಿ ಹೇಳು ನಿನ್ನ ಯಜಮಾನಂಗೆ."

ಮುದುಕಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಗೋಡೆ ಹಿಡಿದು ಎದ್ದು ಹೊರಗೆ ಹೋದಳು. ಮಳೆ ಅಂತಲಾದರೂ ಹೇಳಬೇಕಿತ್ತು ಅಂತ ನನಗೆ ಆಮೇಲೆ ಹೊಳೆಯಿತು. ಹೇಳಿದ್ದರೂ ಪ್ರಯೋಜನವೇನು? ಆಚೆ ನಿಂತವರು ಹರಿಶ್ಚಂದ್ರನ ಮೊಮ್ಮಗ. ನಾನು ಬಾಗಿಲಿಗೆ ಬಂದು ನಿಂತೆ. ಮನಸ್ಸಿನಲ್ಲೇ ಪಾತ್ರೆಗಳನ್ನು ಹಂಚುತ್ತಿದ್ದೆ. ಹಂಡೆ ಅವರಿಗಿರಲಿ, ತಣ್ಣೀರು ಮೀಯುವುದು ಬಿಟ್ಟರೆ ಬೇಕಾಗುತ್ತದೆ ಅಂತ.

ಈರಜ್ಜಿ ಉಸುರಿದ್ದನ್ನು ಕೇಳಿ ಯಜಮಾನನ ಹುಬ್ಬು ಮೇಲಕ್ಕೆ ಹೋಯಿತು. ಅವನು ಕೆಮ್ಮಿ, "ಪಾಲಾಕ್ಷಪ್ಪಾ, ನಿಂಗೇನು ಕೇಳಿಸ್ತು?" ಅಂದ.

ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಕಲ್ಲಿನ ಕಡೆ ನೋಡಿದರು.

"ಬೈದಳು" ಅಂದರು.

ಮಂಡಕ್ಕಿ ಅಗಿಯುತ್ತಿದ್ದವರೂ ನಿಲ್ಲಿಸಿದರು.

"ಎಲೋ ಬೋಳುಗಲ್ಲೇ ಅಂದಳು. ನನ್ನ ಗಂಡನ ಮಂಡಿ ಸವೆದುಹೋಯ್ತು, ನೀನು ತಿರುಗೂ ನೋಡಲಿಲ್ಲ, ನಾಚಿಕೆ ಆಗಲ್ವಾ ಅಂದಳು."

ಗುಡ್ಡದ ಮೇಲೆ ಗಲಾಟೆ ಎದ್ದಿತು. ಕರಿಬಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಬೈದಿದ್ದು ಬೇಡ್ಕೊಂಡಂಗೆ ಹೆಂಗಾಗುತ್ತೆ ಯಜಮಾನ್ರೇ? ಇದು ನಡೆಯಲ್ಲ!"

"ಯಾಕಾಗಲ್ಲ?" ಅಂದಳು ಈರಜ್ಜಿ. "ನನ್ನ ಗಂಡ ಇದ್ದಷ್ಟು ದಿನ ಅವನಿಗೆ ಹಲ್ಲುನೋವು ಬಂದಾಗೆಲ್ಲ ನಾನು ಈ ಅಪ್ಪನಿಗೆ ಬಯ್ಯದೆ ಇನ್ನೇನು ಪೂಜೆ ಮಾಡ್ತಿದ್ದೆನಾ? ಸುಮ್ನಿರೇ ಕರಿಬಸಿ."

ಯಜಮಾನನಿಗೆ ಹಸಿವಾಗಿತ್ತು. "ಕಿವಿಗೆ ಬಿತ್ತೋ ಇಲ್ವೋ, ಕಟ್ಟಳೆ ಅಷ್ಟೇ. ತಾಳೆ ಆಗಿದೆ. ನಡೀರಿ ನಡೀರಿ" ಅಂತ ಟವೆಲ್ ಕೊಡವಿ ಎದ್ದ.

ನಿಜ ಹೇಳುತ್ತೇನೆ, ಆಗ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಒಂಟಿಕೇರಿ ತಪ್ಪಿತು ಅಂತ ಅಲ್ಲ. ನನ್ನ ಬೈಗುಳ ಅಕ್ಷರಕ್ಕೆ ಅಕ್ಷರ ಅವರ ಕಿವಿಗೆ ಬಿದ್ದಿದ್ದರೆ ಆ ಕಲ್ಲಿನೊಳಗೆ ಯಾರೋ ಇದ್ದಾನೆ ಅಂತಾಯಿತಲ್ಲ! ನಮ್ಮಪ್ಪ ಒಡೆದ ಸಾವಿರ ಕಲ್ಲು ಒಂದು ಕಡೆ, ಇದೊಂದು ಒಂದು ಕಡೆ. ಮೆಟ್ಟಿಲು ಇಳಿಯುವಾಗ ಅವರ ರಟ್ಟೆ ಹಿಡಿದಿದ್ದೆನಲ್ಲ, ಅವರಿಗಿಂತ ನಾನೇ ಹೆಚ್ಚು ಒರಗಿದ್ದೆ. ಅರ್ಧ ದಾರಿಗೆ ಬಂದಮೇಲೆ ಕೇಳಿದೆ, "ನಿಜವಾಗ್ಲೂ ಕೇಳಿಸ್ತೇನ್ರೀ?"

"ಇಲ್ಲ."

"ಮತ್ತೆ?"

"ದಿನಾ ಬೆಳಿಗ್ಗೆ ಎಣ್ಣೆ ತಿಕ್ಕುವಾಗ ಇದನ್ನೇ ತಾನೇ ಬೈಯೋದು. ನೀನು ಒಳಗೆ ಹೋಗಿ ಇನ್ನೇನು ಮಾಡ್ತೀಯಾ? ಕಣ್ಮುಚ್ಚಿ ಅದನ್ನೇ ಒಪ್ಪಿಸಿದೆ."

ಮನೆಗೆ ಬಂದು ನಾನು ಹೋಳಿಗೆ ಮಾಡಿದೆ. ಅವರು ತಿನ್ನಲಿಲ್ಲ. ಮಾರನೆಯ ಬೆಳಿಗ್ಗೆ ತಣ್ಣೀರು ಮಿಂದರು, ಗುಡ್ಡದ ಕಡೆ ಹೊರಡಲಿಲ್ಲ. ಮಿಷನ್ ಮುಂದೆ ಕೂತರು. ನೂಲು ಹರಿಯಿತು. ನನ್ನ ಕಿವಿಗೆ "ಅಪ್ಪಾ" ಬರಲಿಲ್ಲ. ಹಾಯೆನಿಸಿತು, ಸುಳ್ಳೇಕೆ ಹೇಳಲಿ? ಇಪ್ಪತ್ತೈದು ವರ್ಷಕ್ಕೆ ಮೊದಲ ಸಲ ನನ್ನ ತಲೆಯೊಳಗೆ ನಾನೊಬ್ಬಳೇ ಇದ್ದೆ. ಎರಡನೇ ದಿನವೂ ಹಾಯೆನಿಸಿತು. ಮೂರನೇ ದಿನ ಗೋಧಿಯ ಜೊತೆ ಮೆಣಸಿನಕಾಯಿ ಬೀಸಿಬಿಟ್ಟೆ. ಐದನೇ ದಿನದ ಹೊತ್ತಿಗೆ ಅವರ ಅಂಗಿ ಭುಜದಿಂದ ಜಾರತೊಡಗಿತು. ಊರಿನವರ ಅಳತೆ ತೆಗೆಯುವ ಮನುಷ್ಯನಿಗೆ ತನ್ನ ಅಳತೆ ಇಳಿಯುತ್ತಿರುವುದು ಕಾಣಲಿಲ್ಲ. ಮಾತಾಡಿಸಿದರೆ ಹೂಂ. ಬೈದರೂ ಹೂಂ. ಒಂಟಿಕೇರಿಗೆ ಹೋಗದೆಯೇ ನಮ್ಮ ಮನೆ ಒಂಟಿಕೇರಿ ಆಗಿಬಿಟ್ಟಿತು. ಹನುಮಕ್ಕನ ಗಂಡ ಗೋಡೆ ನೋಡುತ್ತಿದ್ದ ಹಾಗೆ ಇವರು ಬಟ್ಟೆ ನೋಡುತ್ತಾ ಕೂತಿರುತ್ತಿದ್ದರು.

ಹತ್ತನೇ ದಿನ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಮಿಷನ್ನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿದೆ.

"ಎದ್ದೇಳಿ. ಗುಡ್ಡಕ್ಕೆ ಹೋಗಿ."

"ಯಾವ ಮುಖ ಇಟ್ಕೊಂಡು ಹೋಗ್ಲೇ?"

"ಇರೋದೊಂದೇ ಮುಖ, ಅದನ್ನೇ ಇಟ್ಕೊಂಡು ಹೋಗಿ. ತಪ್ಪಾಯ್ತು ಅನ್ನಿ. ಬೈದ್ರೆ ಬೈಸ್ಕೊಳ್ಳಿ. ಹೆಂಡ್ತೀನ ಉಳಿಸ್ಕೊಳ್ಳೋಕೆ ಒಂದು ಸುಳ್ಳು ಹೇಳಿದ್ದಕ್ಕೆ ಮುಖ ತಿರುಗಿಸೋ ಅಷ್ಟು ಸಣ್ಣವನೇನ್ರೀ ನಿಮ್ಮ ದೇವ್ರು? ಕರಿಬಸಮ್ಮನಿಗಿಂತ ಕಡೆಯಾ?"

ಅಂದಮೇಲೆ ನನ್ನ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು. ಇಲ್ಲದವನ ಪರವಾಗಿ ನಾನು ವಕಾಲತ್ತು ಮಾಡುತ್ತಿದ್ದೆ. ಅವರು ಕೂಡ ತಲೆಯೆತ್ತಿ ನೋಡಿದರು. ಎಷ್ಟೋ ದಿನಕ್ಕೆ ಮೊದಲ ಸಲ ತುಟಿಯ ಒಂದು ತುದಿ ಅಲುಗಿತು. ಎದ್ದು ಚಪ್ಪಲಿ ಹುಡುಕಿದರು. ನಾನು ರಟ್ಟೆ ಹಿಡಿಯಲು ಹೋದರೆ, "ಬೇಡ, ಇವತ್ತು ನಾನೊಬ್ನೇ ಹೋಗ್ಬೇಕು" ಅಂದರು.

ನಾನು ಅಂಗಳದಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಾ ಕೂತೆ. ಒಂದು ಕಾಲು ಎಳೆಯುತ್ತಾ ಅರವತ್ತು ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಲೆಕ್ಕ ಮೀರಿತು. ಎಲ್ಲಾದರೂ ಬಿದ್ದರೇ ಅಂತ ಎದ್ದೆ. ಆಗ ಬಂತು.

"ಅಪ್ಪಾ" ಅಂತ ಕಿವಿಯಲ್ಲಿ ಕೇಳಿಸಿತು. ಏದುಸಿರು ಸಮೇತ. "ನಾನು ಸುಳ್ಳು ಹೇಳ್ದೆ. ನಿನ್ನ ಎದುರಿಗೇ ನಿಂತು ಹೇಳ್ದೆ. ತಪ್ಪಾಯ್ತು ಅನ್ನೋಣ ಅಂತ ಬಂದೆ, ಬಾಯಿಗೆ ಬರ್ತಿಲ್ಲ. ನಾಳೆ ಕೇಳಿದ್ರೂ ಅದನ್ನೇ ಹೇಳ್ತೀನಿ. ಅಪ್ಪಾ, ಇಷ್ಟು ವರ್ಷ ನನಗೊಂದು ಹೆದರಿಕೆ ಇತ್ತು. ಅವಳಿಗೆ ಕೇಳಿಸುತ್ತಲ್ಲಾ ಅಂತ ನಿನಗೂ ಹೇಳಿರ್ಲಿಲ್ಲ. ಸತ್ತಮೇಲೆ ನಾನು ನಿನ್ನ ಹತ್ರ ಬರ್ತೀನಿ, ನಂಬದೋಳು ಅಂತ ಅವಳನ್ನ ನರಕಕ್ಕೆ ಹಾಕ್ತೀಯ, ಆಮೇಲೆ ನಾನು ನಿನ್ನ ಪಕ್ಕ ಕೂತು ಏನು ಮಾಡ್ಲಿ ಅಂತ ಹೆದರಿಕೆ. ಈಗ ಅದು ಹೋಯ್ತು. ಸುಳ್ಳು ಹೇಳಿದ್ದೀನಿ, ನಾನೂ ಅಲ್ಲಿಗೇ. ಹೊಲಿಗೆ ಬಿಚ್ಚದಂಗೆ ಇಬ್ರನ್ನೂ ಒಂದೇ ಕಡೆ ಹಾಕು. ಇಷ್ಟೇ ಕೇಳ್ಕೊಳ್ಳೋದು. ಯಮದೂತರು ಅವಳ ಬಾಯಿಗೆ ಹೆದರಿ ಓಡಿಹೋಗದಂಗೆ ನಾನು ನೋಡ್ಕೊಳ್ತೀನಿ."

ಮೊರ ಯಾವಾಗ ಕೈಬಿಟ್ಟಿತೋ ಗೊತ್ತಿಲ್ಲ. ಬೇಳೆಯೆಲ್ಲ ಅಂಗಳದ ತುಂಬ. ಕೋಳಿಗಳು ಬಂದವು. ಓಡಿಸಲಿಲ್ಲ.

ಅವರು ಬಿಸಿಲೇರಿದ ಮೇಲೆ ಬಂದರು. ಗೇಟಿನ ಹತ್ತಿರ ನಿಂತು ಕೋಳಿಗಳನ್ನು ನೋಡಿದರು, ಬೇಳೆ ನೋಡಿದರು, ನನ್ನನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ನಾನು ಸೊಂಟಕ್ಕೆ ಕೈ ಇಟ್ಟೆ.

"ನಿಮ್ಮ ಪಾಡಿಗೆ ನೀವು ನರಕಕ್ಕೆ ನನ್ನ ಹೆಸರು ಬರೆಸಿ ಬಂದ್ರಲ್ಲ, ನನ್ನ ಒಂದು ಮಾತು ಕೇಳಿದ್ರೇನ್ರೀ?"

"ಕೇಳಿದ್ರೆ ಬರ್ತಿರ್ಲಿಲ್ವಾ?"

"ಬರ್ತಿದ್ದೆ" ಅಂದೆ. "ಆದ್ರೆ ಮೊದಲು ನನ್ನ ಕೇಳ್ಬೇಕಿತ್ತು."